ಟ್ರಾಲ್ ಬೋಟಿನ ಕರರಹಿತ ಡೀಸೆಲ್: ರಿಯಾಯಿತಿ ಯಾರ ಕೈ ಸೇರುತ್ತದೆ ಎಂದು ಲೆಕ್ಕ ಹಾಕುವುದು ಹೇಗೆ?

ಅಂಕಿಸಂಕಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ, ಚೀಲದಂಥ ಬಲೆ ಎಳೆಯುತ್ತಾ ಮೀನು ಹಿಡಿಯುವ ಟ್ರಾಲ್ ಬೋಟ್‌ಗಳಿಗೆ ರಾಜ್ಯದ ಮಾರಾಟ ತೆರಿಗೆ ಬಿಟ್ಟು ಸಿಗುವ ಕರರಹಿತ ಡೀಸೆಲ್ ಬಗ್ಗೆ ಒಂದು ಅಧ್ಯಯನಕ್ಕೆ ವಿಧಾನ ಬರೆದುಕೊಡಬೇಕಾಗಿದೆ. ಕೆಲಸ ಕೊಟ್ಟವರು ಕೇಳಿರುವುದು ಮೂರು ಪ್ರಶ್ನೆ. ಈ ರಿಯಾಯಿತಿಯಲ್ಲಿ ಮಾಲೀಕರಿಗೆ ಎಷ್ಟು, ದುಡಿಯುವವರಿಗೆ ಎಷ್ಟು? ಅದನ್ನು ತೆಗೆದರೆ ಅಥವಾ ಅದೇ ಹಣವನ್ನು ಬೇರೆ ರೂಪದಲ್ಲಿ ಕೊಟ್ಟರೆ ಡೀಸೆಲ್ ಬಳಕೆ ಮತ್ತು ಇಂಗಾಲದ ಹೊರಸೂಸುವಿಕೆ ಎಷ್ಟು ಇಳಿಯುತ್ತದೆ? ಮೀನಿನ ಸಂಪತ್ತಿನ ಮೇಲೆ ಏನು ಪರಿಣಾಮ?

ಸದ್ಯದ ಯೋಜನೆ: ಮಲ್ಪೆ ಮತ್ತು ಮಂಗಳೂರು ಬಂದರಿನಲ್ಲಿ 120 ಬೋಟ್, ಜನವರಿಯಿಂದ ಏಪ್ರಿಲ್‌ವರೆಗೆ ಸಮೀಕ್ಷೆ, ಪ್ರತಿ ಮಾಲೀಕರಿಗೆ ಒಂದು ಸಲ ಪ್ರಶ್ನಾವಳಿ. ವರ್ಷದ ಖರ್ಚು, ವರ್ಷದ ಆದಾಯ, ವರ್ಷದ ಡೀಸೆಲ್ ಕೇಳುವುದು. ರಾಜ್ಯದ ಒಟ್ಟು ರಿಯಾಯಿತಿಯನ್ನು ಬೋಟ್ ಸಂಖ್ಯೆಯಿಂದ ಭಾಗಿಸಿ ತಲಾ ಲಾಭ ತೆಗೆಯುವುದು. ಲೀಟರಿಗೆ 2.68 ಕಿಲೋ ಇಂಗಾಲದ ಡೈಆಕ್ಸೈಡ್ ಅಂತ ಗುಣಿಸಿ ಹೊರಸೂಸುವಿಕೆ. ಮೂರನೇ ಪ್ರಶ್ನೆಗೆ, ಹಿಡಿಯುವ ಶ್ರಮ ಮತ್ತು ಹಿಡಿತದಿಂದ ಮೀನಿನ ಸಂಪತ್ತನ್ನು ಅಂದಾಜಿಸುವ ಷೇಫರ್ ಮಾದರಿ.

ಇದರಲ್ಲಿ ಎಲ್ಲಿ ಎಡವಟ್ಟಾಗುತ್ತದೆ? ಕ್ಷೇತ್ರಕಾರ್ಯಕ್ಕೆ ಇಬ್ಬರೇ ಇದ್ದಾರೆ ಅನ್ನುವುದನ್ನೂ ಗಮನದಲ್ಲಿಟ್ಟು ಹೇಳಿ.

ದಕ್ಕೆ ಲೆಕ್ಕ

ಮೊದಲ ಪ್ರಶ್ನೆಗೆ ತಲಾ ಸರಾಸರಿ ಉತ್ತರವೇ ಅಲ್ಲ ಮಾರಾಯ್ರೆ. ಟ್ರಿಪ್ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡುವಾಗ ಡೀಸೆಲನ್ನು ಯಾವ ದರಕ್ಕೆ ಕಳೆಯುತ್ತಾರೆ? ರಿಯಾಯಿತಿ ಯಾರ ಕಿಸೆಗೆ ಬೀಳುತ್ತದೆ ಅನ್ನುವುದು ಪೂರ್ತಿ ಅದರ ಮೇಲೆ ಉಂಟು. ಪ್ರಶ್ನಾವಳಿಯಲ್ಲಿ ಈ ಒಂದು ಸಾಲು ಇಲ್ಲದಿದ್ದರೆ ಉಳಿದ ಸಾಲುಗಳೆಲ್ಲ ಇದ್ದೂ ಮೊದಲ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಪಾಲಿನ ಬೋಟಿನಲ್ಲಿ ಕ್ರಮ ಹೀಗೆ: ಮೀನು ಏಲಂ ಆದ ಹಣದಿಂದ ಮೊದಲು ಏಜೆಂಟರ ಕಮಿಷನ್, ಆಮೇಲೆ ಡೀಸೆಲ್, ಐಸ್, ರೇಶನ್, ನೀರು, ದಕ್ಕೆ (ಬೋಟು ನಿಲ್ಲುವ ಕಟ್ಟೆ) ಖರ್ಚು ಕಳೆಯುತ್ತಾರೆ. ಉಳಿದದ್ದು ಮಾಲೀಕರಿಗೂ ಬೋಟು ನಡೆಸುವ ತಾಂಡೇಲರಿಗೂ ಕಲಾಸಿಗಳಿಗೂ (ಬೋಟಿನ ಕೆಲಸಗಾರರು) ಹಂಚಿಕೆ. ಪ್ರಮಾಣ ಬೋಟಿನಿಂದ ಬೋಟಿಗೆ ಬೇರೆ. ಲೆಕ್ಕ ತಿಳಿಯುವುದಕ್ಕೆ ದುಡಿಯುವವರದ್ದು 35%, ಮಾಲೀಕರದ್ದು 65% ಅಂತ ಇಟ್ಟುಕೊಳ್ಳಿ. ಹತ್ತು ದಿನದ ಟ್ರಿಪ್, ಮೀನಿನ ಹಣ 8,00,000 ರೂ., ಡೀಸೆಲ್ 4,000 ಲೀಟರ್, ತೆರಿಗೆ ಸಹಿತ ದರ 90, ತೆರಿಗೆ ಬಿಟ್ಟರೆ 75, ಬೇರೆ ಖರ್ಚು 80,000. ಇವು ಬರೀ ಉದಾಹರಣೆಯ ಅಂಕಿಗಳು.

ರಿಯಾಯಿತಿ ಇಲ್ಲವೇ ಇಲ್ಲ ಅಂದರೆ ಡೀಸೆಲ್ 3,60,000. ಹಂಚಲು ಉಳಿಯುವುದು 3,60,000. ದುಡಿಯುವವರಿಗೆ 1,26,000, ಮಾಲೀಕರಿಗೆ 2,34,000.

ಬಂಕಿನಲ್ಲೇ ತೆರಿಗೆ ಬಿಟ್ಟು 75ಕ್ಕೆ ಹಾಕಿಸಿ, ಟ್ರಿಪ್ಪಿನ ಚುಕ್ತಾ ಚೀಟಿಯಲ್ಲೂ 75ಕ್ಕೇ ಕಳೆದರೆ ಡೀಸೆಲ್ 3,00,000. ಹಂಚಲು 4,20,000. ದುಡಿಯುವವರಿಗೆ 1,47,000, ಮಾಲೀಕರಿಗೆ 2,73,000. ಅಂದರೆ 60,000 ರೂ. ರಿಯಾಯಿತಿಯಲ್ಲಿ 21,000 ಕೆಳಗೆ ಇಳಿಯಿತು.

ಬೋಟು ಪೂರ್ತಿ ದರ ಕೊಟ್ಟು ಹಾಕಿಸಿ, ತೆರಿಗೆ ಹಣ ಆಮೇಲೆ ಮಾಲೀಕರ ಖಾತೆಗೆ ಬಂದರೆ? ಚೀಟಿಯಲ್ಲಿ ಕಳೆಯುವುದು 90ರ ದರ. ದುಡಿಯುವವರಿಗೆ ಮತ್ತೆ 1,26,000. ಮಾಲೀಕರಿಗೆ 2,34,000 ಮತ್ತು ಮೇಲೆ 60,000, ಒಟ್ಟು 2,94,000. ಸರಕಾರದ ಖರ್ಚು ಅದೇ, ಕಲಾಸಿಗೆ ಒಂದು ಪೈಸೆ ಇಲ್ಲ.

ಮೂರನೇ ದಾರಿಯೂ ಉಂಟು. ಬಂಕಿನಲ್ಲಿ 75 ಕೊಟ್ಟು ಚೀಟಿಯಲ್ಲಿ 90 ಬರೆಯುವುದು. ಬಂಕಿನ ಬಿಲ್ಲಿನಲ್ಲಿ ಬಂಕಿನಲ್ಲೇ ರಿಯಾಯಿತಿ ಸಿಕ್ಕಂತೆ ಕಾಣುತ್ತದೆ, ಫಲ ಮಾತ್ರ ಹಣ ಮಾಲೀಕರ ಖಾತೆಗೆ ಹೋದಂತೆ. ಹಾಗಾಗಿ ಬಂಕಿನ ಬಿಲ್ಲು ಮತ್ತು ಚುಕ್ತಾ ಚೀಟಿ ಎರಡನ್ನೂ ಒಟ್ಟಿಗೆ ನೋಡಬೇಕು. ದರವನ್ನು ಮಾಲೀಕರಿಗೆ ಒಮ್ಮೆ, ತಾಂಡೇಲರಿಗೆ ಒಮ್ಮೆ ಬೇರೆಬೇರೆಯಾಗಿ ಕೇಳಿ.

ಇನ್ನು ಆಳಸಮುದ್ರಕ್ಕೆ ಹೋಗುವ ಬೋಟ್‌ಗಳಲ್ಲಿ ತಿಂಗಳ ಸಂಬಳ, ಬಾಟಾ, ಅದರ ಮೇಲೆ ಒಟ್ಟು ಮೀನಿನ ಹಣದಲ್ಲಿ ಇಂತಿಷ್ಟು ಕಮಿಷನ್ ಅನ್ನುವ ಕ್ರಮ ಇರುತ್ತದೆ. ಅಲ್ಲಿ ಡೀಸೆಲ್ ದರ ದುಡಿಯುವವರ ಲೆಕ್ಕಕ್ಕೇ ಬರುವುದಿಲ್ಲ, ಅಲ್ಪಾವಧಿಯಲ್ಲಿ ಪೂರ್ತಿ ರಿಯಾಯಿತಿ ಮಾಲೀಕರದ್ದು. ಸಂಬಳವೇ, ಪಾಲೇ, ಎರಡೂ ಬೆರೆತದ್ದೇ, ಪಾಲು ಒಟ್ಟು ಹಣದ ಮೇಲೋ ಖರ್ಚು ಕಳೆದ ಮೇಲೋ: ಈ ಪ್ರಶ್ನೆಯೇ ಮೊದಲು ಬರಲಿ, ಬೋಟಿನ ಉದ್ದ ಅಗಲ ಆಮೇಲೆ ಕೇಳಿದರೆ ಆಯಿತು.

ಮತ್ತೊಂದು. ಡೀಸೆಲ್‌ಗೆ ಏಜೆಂಟರಿಂದ ಮುಂಗಡ ತೆಗೆದುಕೊಂಡಿದ್ದರೆ ಮೀನನ್ನು ಅವರ ಮೂಲಕವೇ ಮಾರಬೇಕು. ಬಡ್ಡಿ ಅಂತ ಎಲ್ಲೂ ಬರೆದಿರುವುದಿಲ್ಲ, ಕಮಿಷನ್‌ನಲ್ಲೋ ಏಲಂ ದರದಲ್ಲೋ ಸೇರಿಹೋಗಿರುತ್ತದೆ. ಅದೇ ದಿನ, ಅದೇ ಗಾತ್ರದ ಮದಿಮಾಲ್ ಮೀನು ಅಥವಾ ಸ್ಕ್ವಿಡ್ ಅನ್ನುವ ಬೊಂಡಾಸ್‌ಗೆ ಮುಂಗಡ ಇಲ್ಲದ ಬೋಟಿಗೆ ಏನು ದರ ಸಿಕ್ಕಿತು ಎಂದು ಹೋಲಿಸಿದರೆ ಮಾತ್ರ ಸಿಕ್ಕೀತು. ಮರುಪಾವತಿ ತಡವಾಗುವ ದಾರಿಯಲ್ಲಿ ಈ ಮುಂಗಡ ದೊಡ್ಡದಾಗುತ್ತದೆ, ಅಂದರೆ ರಿಯಾಯಿತಿಯ ಒಂದು ಚೂರು ಏಜೆಂಟರ ಕಡೆಗೂ ಜಾರುತ್ತದೆ.

ಉಪ್ಪುಗಾಳಿ

ಮೇಲಿನವರು ಹಂಚಿಕೆ ಹೇಳಿದ್ದಾರೆ. ನಾನು ತೆರಿಗೆ ಮತ್ತು ಸ್ಯಾಂಪಲ್ ಬಗ್ಗೆ.

ಬಿಡುವುದು ರಾಜ್ಯದ ಮಾರಾಟ ತೆರಿಗೆ ಮಾತ್ರ. ಕೇಂದ್ರದ ಅಬಕಾರಿ ಸುಂಕ ಹಾಗೇ ಉಳಿಯುತ್ತದೆ. ಡೀಸೆಲ್ ಜಿಎಸ್‌ಟಿಯೊಳಗೆ ಇಲ್ಲ. ಕರ್ನಾಟಕದಲ್ಲಿ ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಸುಮಾರು 14.3%ನಿಂದ 18.4%ಗೆ ಏರಿತು, 2025ರ ಏಪ್ರಿಲ್ 1ರಿಂದ 21.17% ಆಯಿತು. ಇಲ್ಲಿ ಬಹಳ ವರದಿಗಳು ಮಾಡುವ ಎಡವಟ್ಟು ಒಂದಿದೆ: ಬಂಕಿನ ದರವನ್ನೇ 21.17%ನಿಂದ ಗುಣಿಸುವುದು. ದರ 91 ರೂ. ಇದ್ದರೆ ಹಾಗೆ ಮಾಡಿದಾಗ 19.26 ಬರುತ್ತದೆ. ಆದರೆ ತೆರಿಗೆ 91ರ ಒಳಗೇ ಕುಳಿತಿದೆ. 91ನ್ನು 121.17ರಿಂದ ಭಾಗಿಸಿ 21.17ರಿಂದ ಗುಣಿಸಿದರೆ 15.90. ಡೀಲರ್ ಕಮಿಷನ್ ತೆಗೆದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಲೀಟರಿಗೆ ಮೂರು ರೂಪಾಯಿಗಿಂತ ಹೆಚ್ಚು ವ್ಯತ್ಯಾಸ, ಇಡೀ ರಾಜ್ಯದ ಲೆಕ್ಕಕ್ಕೆ ಹೋದರೆ ಹತ್ತಾರು ಕೋಟಿ.

ಎರಡನೆಯದು, ತೆರಿಗೆ ದರ ಏರಿದಾಗಲೆಲ್ಲ ರಿಯಾಯಿತಿಯ ಮೊತ್ತ ತಾನಾಗಿಯೇ ಉಬ್ಬುತ್ತದೆ, ಒಂದು ಲೀಟರ್ ಹೆಚ್ಚು ಉರಿಯದಿದ್ದರೂ. 2023-24ರ ಬಜೆಟ್‌ನಲ್ಲಿ ವಾರ್ಷಿಕ ಮಿತಿಯನ್ನು 1.5 ಲಕ್ಷ ಕಿಲೋಲೀಟರ್‌ನಿಂದ 2 ಲಕ್ಷಕ್ಕೆ ಏರಿಸಿ, 250 ಕೋಟಿ ರೂ. ನೆರವು ಎಂದು ಹೇಳಿದ್ದರು. ಭಾಗಿಸಿದರೆ ಲೀಟರಿಗೆ 12.50. ಅದೇ ಮಿತಿ ಲೀಟರಿಗೆ 15 ರೂ. ಆದರೆ 300 ಕೋಟಿ. "ರಿಯಾಯಿತಿ 20% ಏರಿತು, ಮೀನುಗಾರಿಕೆಯ ಒತ್ತಡವೂ ಏರಿತು" ಎಂದು ಬರೆದರೆ ಅದು ಪೂರ್ತಿ ತಪ್ಪು. ಲೀಟರ್ ಒಂದು ಕಾಲಂ, ಲೀಟರಿಗೆ ರೂಪಾಯಿ ಇನ್ನೊಂದು ಕಾಲಂ. ಎರಡನ್ನೂ ಗುಣಿಸಿ ಬಂದ ಕೋಟಿಯನ್ನು ಮಾದರಿಯೊಳಗೆ ಹಾಕಲೇಬೇಡಿ.

ಸ್ಯಾಂಪಲ್. 120 ಬೋಟನ್ನು ಒಂದೊಂದು ಸಲ ಕೇಳುವ ಬದಲು 40 ಬೋಟನ್ನು ಮತ್ತೆ ಮತ್ತೆ ಕೇಳಿ. ವರ್ಷದ ಡೀಸೆಲ್ ಎಷ್ಟು ಅಂದರೆ ಯಾರೂ ನೆನಪಿನಿಂದ ಸರಿಯಾಗಿ ಹೇಳಲಾರರು. ಕಳೆದ ಟ್ರಿಪ್ಪಿನದ್ದು ಹೇಳುತ್ತಾರೆ. ಒಂದೇ ದಿನದಲ್ಲಿ ಹೋಗಿ ಬರುವ ಬೋಟು, ಹಲವು ದಿನದ ಆಳಸಮುದ್ರ ಬೋಟು, ಇವು ಬೇರೆ ಗುಂಪುಗಳು. ಎಂಜಿನ್ ಶಕ್ತಿಯ ಮೇಲೆ ಮತ್ತೆ ಎರಡು ಭಾಗ. ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟನ್ನು ಇದರೊಳಗೆ ಬೆರೆಸಬೇಡಿ, ಅದರ ಡೀಸೆಲ್ ಲೆಕ್ಕವೂ ಪಾಲಿನ ಲೆಕ್ಕವೂ ಬೇರೆಯೇ. ಬೋಟ್‌ಗಳ ಪಟ್ಟಿಗೆ ಸರಕಾರದ ಆನ್‌ಲೈನ್ ರಿಯಲ್‌ಕ್ರಾಫ್ಟ್ ನೋಂದಣಿಯನ್ನು ಆಧಾರ ಮಾಡಿಕೊಳ್ಳಬಹುದು, ಆದರೆ ದಡಕ್ಕೆ ಎಳೆದಿಟ್ಟ, ಮಾರಾಟವಾದ ಬೋಟ್‌ಗಳ ಹೆಸರೂ ಅದರಲ್ಲಿ ಉಳಿದಿರಬಹುದು. ದಕ್ಕೆಯಲ್ಲಿ ಒಮ್ಮೆ ತಾಳೆ ನೋಡಿ.

ಕಾಲದ ವಿಷಯಕ್ಕೆ ಬಂದರೆ, ಜನವರಿ–ಏಪ್ರಿಲ್ ಮಾತ್ರ ಹಿಡಿದರೆ ಅಂಕಿ ಓರೆಯಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ನಿಷೇಧ ಮುಗಿದ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕಡಿಮೆ ಡೀಸೆಲ್‌ಗೆ ಹೆಚ್ಚು ಮೀನು, ಬೇಸಿಗೆ ಹತ್ತಿರ ಬಂದಂತೆ ದೂರ ಹೋಗಬೇಕು, ಮೀನು ಕಡಿಮೆ. ನೀವು ಆರಿಸಿಕೊಂಡ ನಾಲ್ಕು ತಿಂಗಳು ಕಿಲೋಗೆ ಅತಿ ಹೆಚ್ಚು ಡೀಸೆಲ್ ಸುಡುವ ಕಾಲ. ಕೆಲಸದ ಅವಧಿ ಬದಲಿಸಲು ಆಗದಿದ್ದರೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಹಳೇ ಚೀಟಿಗಳನ್ನು ಅದೇ 40 ಬೋಟಿನಿಂದ ಕೇಳಿ ಪಡೆಯಿರಿ. ಇಬ್ಬರಿಗೆ ಅದು ಸಾಧ್ಯವಾಗುವ ಕೆಲಸ.

ಸಂಸ್ಥೆಗಳ ಅಂಕಿಗಳ ಬಗ್ಗೆ ಒಂದು ಮಾತು: ಕೇಂದ್ರದ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಾದ ಸಿಎಂಎಫ್‌ಆರ್‌ಐ ಅಂದಾಜು ದಕ್ಕೆಗಳಲ್ಲಿ ಸ್ಯಾಂಪಲ್ ತೆಗೆದು ಬರುವುದು, ರಾಜ್ಯ ಮೀನುಗಾರಿಕೆ ಇಲಾಖೆಯದ್ದು ಬೇರೆ ದಾರಿ. ಎರಡೂ ಹೊಂದುವುದಿಲ್ಲ. ಯಾವುದೋ ಒಂದನ್ನು ಕೊನೇವರೆಗೆ ಬಳಸಿ. ಹಳೇ ವರ್ಷಕ್ಕೆ ಒಂದು, ಹೊಸ ವರ್ಷಕ್ಕೆ ಇನ್ನೊಂದು ಅಂತ ಜೋಡಿಸಬೇಡಿ. ಮತ್ತೆ, ಇಲ್ಲಿನ ಬೋಟು ಗೋವಾದಲ್ಲೋ ಮಹಾರಾಷ್ಟ್ರದಲ್ಲೋ ಮೀನು ಇಳಿಸಿದರೆ ಡೀಸೆಲ್ ನಮ್ಮ ಲೆಕ್ಕಕ್ಕೆ, ಮೀನು ಅವರ ಲೆಕ್ಕಕ್ಕೆ.

ಫ್ಯಾನ್ ಮತ್ತು ಶಾಫ್ಟ್

ಡೀಸೆಲ್ ಅಂಕಿಯನ್ನು ಎಂಜಿನ್‌ನಿಂದ ತಾಳೆ ನೋಡುವ ವಿಧಾನ ಸೇರಿಸಿ. ದಾಖಲೆಯಲ್ಲಿರುವ ಎಚ್‌ಪಿ ಒಂದು, ಬೋಟಿನೊಳಗೆ ಕೂತಿರುವುದು ಇನ್ನೊಂದು ಆಗಿರುವುದು ಅಪರೂಪವಲ್ಲ.

1 ಎಚ್‌ಪಿ ಅಂದರೆ 0.7355 ಕಿಲೋವಾಟ್. ಸಾಮಾನ್ಯ ಸಮುದ್ರ ಡೀಸೆಲ್ ಎಂಜಿನ್ ಒಂದು ಕಿಲೋವಾಟ್ ಗಂಟೆಗೆ ಸುಮಾರು 215 ಗ್ರಾಂ ಕುಡಿಯುತ್ತದೆ ಅಂತ ಹಿಡಿಯಿರಿ, ಡೀಸೆಲ್ ಸಾಂದ್ರತೆ ಲೀಟರಿಗೆ 0.84 ಕಿಲೋ. ಸರಾಸರಿ 60% ಲೋಡ್, ದಿನಕ್ಕೆ 18 ಗಂಟೆ, ಹತ್ತು ದಿನ. 120 ಎಚ್‌ಪಿಗೆ ಗಂಟೆಗೆ 13.6 ಲೀಟರ್, ಟ್ರಿಪ್ಪಿಗೆ ಸುಮಾರು 2,440. 200 ಎಚ್‌ಪಿಗೆ ಗಂಟೆಗೆ 22.6, ಟ್ರಿಪ್ಪಿಗೆ ಸುಮಾರು 4,070. ಹಾಗಾದರೆ ನೋಂದಣಿಯಲ್ಲಿ 120 ಎಚ್‌ಪಿ, ಬಾಯಲ್ಲಿ 4,000 ಲೀಟರ್ ಅಂದಾಗ ಮೂರರಲ್ಲಿ ಒಂದು: ಎಂಜಿನ್ ದೊಡ್ಡದು, ಟ್ರಿಪ್ ಉದ್ದ, ಅಥವಾ ಡೀಸೆಲ್ ಬೇರೆ ಕಡೆ ಹೋಗಿದೆ. ಮೂರೂ ನಿಮ್ಮ ಅಧ್ಯಯನಕ್ಕೆ ಬೇಕಾದ ಮಾಹಿತಿಯೇ. ಸಮೀಕ್ಷಕರು ಎಂಜಿನ್ ರೂಮಿಗೆ ಇಳಿದು ಫಲಕದ ಫೋಟೋ ತೆಗೆದುಕೊಂಡರೆ ಅರ್ಧ ಸಂಶಯ ಅಲ್ಲಿಗೇ ಮುಗಿಯುತ್ತದೆ.

ಎರಡನೇ ಪ್ರಶ್ನೆಯಲ್ಲಿ "ಬೇರೆ ರೂಪ" ಅಂದಿದ್ದೀರಿ. ಪ್ರಯಾಣಕ್ಕೂ ಬಲೆ ಎಳೆಯುವುದಕ್ಕೂ ಬೇರೆಬೇರೆ ಲೆಕ್ಕ ಇಡಿ. ಮೀನಿನ ಜಾಗಕ್ಕೆ ಹೋಗಿಬರುವಾಗ ಎಂಜಿನ್ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. 9 ನಾಟ್‌ನಿಂದ 8ಕ್ಕೆ ಇಳಿಸಿದರೆ ಗಂಟೆಗೆ 30% ಉಳಿತಾಯ, ದೂರ ಅಷ್ಟೇ ಇರುವುದರಿಂದ ಪ್ರಯಾಣಕ್ಕೆ ಸುಮಾರು 21%. ಬಲೆ ಎಳೆಯುವಾಗ ಈ ಸೂತ್ರ ನಡೆಯುವುದಿಲ್ಲ. ಅಲ್ಲಿ ಡೀಸೆಲ್ ತಿನ್ನುವುದು ಬಲೆಯ ಮತ್ತು ಅದರ ಬಾಯಿ ತೆರೆದಿಡುವ ಬೋರ್ಡಿನ ಎಳೆತ. ಫ್ಯಾನ್ (ಪ್ರೊಪೆಲರ್) ಎಂಜಿನ್‌ಗೂ ಗೇರಿಗೂ ಹೊಂದದಿದ್ದರೆ, ತಳಕ್ಕೆ ಪಾಚಿ–ಚಿಪ್ಪು ಹಿಡಿದಿದ್ದರೆ ಎರಡೂ ಕಡೆ ನಷ್ಟ. ಹೊಗೆ ಕಪ್ಪಾಗಿ ಬರುತ್ತಾ ಆರ್‌ಪಿಎಂ ಏರದಿದ್ದರೆ ಫ್ಯಾನ್ ಭಾರವಾಗಿದೆ ಅನ್ನುವ ಅನುಮಾನ ಮೊದಲು ಬರಬೇಕು.

ಆದರೆ ಉಳಿತಾಯದ ಅಂಕಿಯನ್ನು ಪೂರ್ತಿ ಹೊರಸೂಸುವಿಕೆ ಇಳಿಕೆ ಅಂತ ಬರೆಯಬೇಡಿ. ಡೀಸೆಲ್ ಉಳಿದರೆ ಅದೇ ಟ್ಯಾಂಕಿನಲ್ಲಿ ಇನ್ನೊಂದು ದಿನ ಕಡಲಲ್ಲಿ ನಿಲ್ಲುತ್ತಾರೆ.

ಅಂಕಿಸಂಕಿ

ಎಲ್ಲರಿಗೂ ಧನ್ಯವಾದ. 40 ಬೋಟು, ಟ್ರಿಪ್ ಚೀಟಿ, ಎಂಜಿನ್ ಫಲಕ: ಇದು ಸರಿ ಕಾಣುತ್ತದೆ.

ಈಗ ಎರಡನೇ ಪ್ರಶ್ನೆಯ ತಿರುಳು. ದರ ಏರಿದರೆ ಡೀಸೆಲ್ ಬಳಕೆ ಎಷ್ಟು ಇಳಿಯುತ್ತದೆ ಅನ್ನುವ ಪ್ರಮಾಣವನ್ನು ಎಲ್ಲಿಂದ ತರುವುದು? 2024 ಮತ್ತು 2025ರ ತೆರಿಗೆ ಏರಿಕೆಗಳ ಮುಂಚೆ–ಆಮೇಲೆ ಹೋಲಿಸಿದರೆ ಆಗದೇ?

ಉಪ್ಪುಗಾಳಿ

ಆಗದು. ಆ ಎರಡೂ ಏರಿಕೆ ರಾಜ್ಯದ ಮಾರಾಟ ತೆರಿಗೆಯದ್ದು, ಕರರಹಿತ ಡೀಸೆಲ್ ಹಾಕಿಸುವ ಬೋಟು ಅದನ್ನು ಕೊಡುವುದೇ ಇಲ್ಲ. ಅದಕ್ಕೆ ದರ ಕದಲಿಲ್ಲ. ಮಿತಿ ಮುಗಿದ ಮೇಲೆ ಹೊರಗಿನ ಬಂಕಿನಲ್ಲಿ ಹಾಕಿಸಿದ ಲೀಟರ್‌ಗಳಿಗೆ ಮಾತ್ರ ತಟ್ಟಿರುತ್ತದೆ. "ತೆರಿಗೆ ಏರಿದರೂ ಬಳಕೆ ಇಳಿಯಲಿಲ್ಲ, ಹಾಗಾಗಿ ಬೇಡಿಕೆ ದರಕ್ಕೆ ಬಗ್ಗುವುದಿಲ್ಲ" ಎಂಬ ತೀರ್ಮಾನ ಅಲ್ಲಿಂದ ಬಂದರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಕೇಂದ್ರದ ಅಬಕಾರಿ ಸುಂಕದ ಬದಲಾವಣೆ ನೋಡಿ, ಅದು ಬೋಟಿಗೂ ತಟ್ಟುತ್ತದೆ. 2021ರ ನವೆಂಬರ್ 4ರಿಂದ ಡೀಸೆಲ್ ಮೇಲೆ ಲೀಟರಿಗೆ 10 ರೂ. ಇಳಿಸಿದರು. ಋತುವಿನ ನಡುವೆ ಬಂದದ್ದರಿಂದ ಒಳ್ಳೆಯ ಕಿಟಕಿ. ಅದೇ ಹೊತ್ತಿಗೆ ಕರ್ನಾಟಕವೂ ತನ್ನ ತೆರಿಗೆಯಲ್ಲಿ 7 ರೂ. ಇಳಿಸುವುದಾಗಿ ಹೇಳಿತು, ಬಂಕಿನ ದರ ಇನ್ನೂ ಹೆಚ್ಚು ಇಳಿದಂತೆ ಕಂಡರೂ ಕರರಹಿತ ಬೋಟಿಗೆ ನಿಜವಾಗಿ ಇಳಿದದ್ದು 10 ಮಾತ್ರ. ಮುಂದಿನ ಇಳಿಕೆ 2022ರ ಮೇ 22ರಿಂದ, 6 ರೂ. ಅದು ಉಪಯೋಗಕ್ಕಿಲ್ಲ: ಹತ್ತು ದಿನದಲ್ಲಿ ನಿಷೇಧ ಶುರು, ಬೋಟ್‌ಗಳು ಹೇಗೂ ದಡ ಸೇರುತ್ತಿದ್ದವು.

2021ರ ಚೀಟಿ ಸಿಗದಿದ್ದರೆ ಬೇರೆ ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಡೀಸೆಲ್ ದರ ಏರಿದರೆ ಬೋಟು ಕಡಲಿಗೆ ಹೋಗುವುದನ್ನೇ ಬಿಡುವುದಿಲ್ಲ, ಟ್ರಿಪ್ಪಿನ ಕೊನೆಯಲ್ಲಿ ಬಲೆ ನೀರಿಗೆ ಬಿಡುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಕೊನೇ ಎಳೆತದ (ಒಂದು ಸಲ ಬಲೆ ಬಿಟ್ಟು ಎಳೆದು ಎತ್ತುವುದು) ಲೆಕ್ಕ ಹಾಕಿ. ಮೇಲಿನ 200 ಎಚ್‌ಪಿ ಬೋಟು ಮೂರು ಗಂಟೆ ಬಲೆ ಎಳೆದರೆ ಸುಮಾರು 67.8 ಲೀಟರ್. 75ರ ದರದಲ್ಲಿ 5,085 ರೂ., 90ರಲ್ಲಿ 6,102. ಆ ಎಳೆತದಲ್ಲಿ ಬಂದದ್ದು ಮೀನಿನ ಹುಡಿ ಮಾಡುವ ಫಿಶ್‌ಮೀಲ್‌ಗೆ ಹೋಗುವ ಸಣ್ಣ ಮೀನು 250 ಕಿಲೋ, ಕಿಲೋಗೆ 22 ರೂ. ಸಿಕ್ಕಿತು ಅಂತಿಟ್ಟುಕೊಂಡರೆ 5,500. 75ರಲ್ಲಿ ಬಲೆ ಬಿಡುವುದು ಲಾಭ, 90ರಲ್ಲಿ ನಷ್ಟ. ರಿಯಾಯಿತಿ ಕಚ್ಚುವ ಜಾಗ ಇದು. ಅಂಜಲ್, ಬೊಂಡಾಸ್ ಸಿಗುವ ಎಳೆತದ ಮೇಲೆ ಹದಿನೈದು ರೂಪಾಯಿ ಏನೂ ಮಾಡುವುದಿಲ್ಲ.

ಈಗ ಇದಕ್ಕೆ ದಕ್ಕೆ ಲೆಕ್ಕ ಅವರ ಹಂಚಿಕೆ ಜೋಡಿಸಿ. ಬಂಕಿನಲ್ಲೇ ರಿಯಾಯಿತಿ, ಚೀಟಿಯಲ್ಲೂ 75 ಇದ್ದರೆ ಆ ಎಳೆತದ 415 ರೂ. ಲಾಭದಲ್ಲಿ ತಾಂಡೇಲ–ಕಲಾಸಿಗೆ 145, ಮಾಲೀಕರಿಗೆ 270. ಇಬ್ಬರಿಗೂ ಬಲೆ ಬಿಡುವ ಮನಸ್ಸು. ಹಣ ಆಮೇಲೆ ಮಾಲೀಕರ ಖಾತೆಗೆ ಬರುವುದಾದರೆ ಚೀಟಿಯಲ್ಲಿ 602 ರೂ. ನಷ್ಟ, ದುಡಿಯುವವರ ಪಾಲಿಗೆ 211 ಹೋಗುತ್ತದೆ. ಮಾಲೀಕರಿಗೆ 391 ಹೋಗಿ 1,017 ಬರುತ್ತದೆ, ನಿವ್ವಳ 626 ಲಾಭ. ಕಡಲಲ್ಲಿ ನಿರ್ಧಾರ ಮಾಡುವವರು ತಾಂಡೇಲ. ಒಂದೇ ರಿಯಾಯಿತಿ, ಕೊಡುವ ದಾರಿ ಬದಲಾದರೆ ಡೀಸೆಲ್ ಬಳಕೆಯೂ ಸಣ್ಣ ಮೀನಿನ ಹಿಡಿತವೂ ಬದಲಾಗುತ್ತದೆ. ನಿಮ್ಮ ಮೊದಲ ಪ್ರಶ್ನೆ ಮತ್ತು ಎರಡನೇ ಪ್ರಶ್ನೆಯನ್ನು ಬೇರೆಬೇರೆ ಅಧ್ಯಾಯ ಮಾಡಿದರೆ ಇದು ಕಾಣದೇ ಹೋಗುತ್ತದೆ.

ತಾಂಡೇಲರಿಗೆ ಒಟ್ಟು ಮೀನಿನ ಹಣದ ಮೇಲೆ ಕಮಿಷನ್ ಇರುವ ಬೋಟಿನಲ್ಲಿ ಮಾತ್ರ ಈ ಲೆಕ್ಕ ತಿರುಗಿ ಬೀಳುತ್ತದೆ. ಅವರಿಗೆ ಡೀಸೆಲ್ 75 ಆದರೇನು 90 ಆದರೇನು, ಪ್ರತಿ ಎಳೆತವೂ ಲಾಭವೇ.

ಇದಕ್ಕೆ ಬೇಕಾದ ಮಾಹಿತಿ: ಹತ್ತು ಹನ್ನೆರಡು ಬೋಟಿನಲ್ಲಿ ಎಳೆತವಾರು ಪುಸ್ತಕ. ಬಲೆ ಬಿಟ್ಟ ಹೊತ್ತು, ಎತ್ತಿದ ಹೊತ್ತು, ಒಳ್ಳೆ ಮೀನು ಎಷ್ಟು ಬಾಕ್ಸ್, ಫಿಶ್‌ಮೀಲ್‌ಗೆ ಹೋಗುವುದು ಎಷ್ಟು. ನಾಲ್ಕೇ ಕಾಲಂ. ಐದನೆಯದು ಸೇರಿಸಿದರೆ ಬರೆಯುವುದನ್ನೇ ನಿಲ್ಲಿಸುತ್ತಾರೆ.

ಇಂಗಾಲ ಖಾತೆ

ಲೀಟರಿಗೆ 2.68 ಸರಿ ಇದೆ. ಡೀಸೆಲ್‌ನ ಶಾಖಮೌಲ್ಯ ಟನ್ನಿಗೆ 43 ಗಿಗಾಜೂಲ್, ಗಿಗಾಜೂಲಿಗೆ 74.1 ಕಿಲೋ, ಗುಣಿಸಿದರೆ ಟನ್ನಿಗೆ 3,186 ಕಿಲೋ, 0.84 ಸಾಂದ್ರತೆಗೆ 2.68. ಆದರೆ ನೀವು ಅದನ್ನು ಒಟ್ಟು ಡೀಸೆಲ್‌ಗೆ ಗುಣಿಸಿ "ರಿಯಾಯಿತಿಯಿಂದಾದ ಹೊರಸೂಸುವಿಕೆ" ಅನ್ನುವಂತಿಲ್ಲ. 2 ಲಕ್ಷ ಕಿಲೋಲೀಟರ್ ಪೂರ್ತಿ ಉರಿದರೆ 5.36 ಲಕ್ಷ ಟನ್, ನಿಜ. ರಿಯಾಯಿತಿ ಇಲ್ಲದಿದ್ದರೂ ಅದರಲ್ಲಿ ಬಹುಪಾಲು ಉರಿಯುತ್ತಿತ್ತು.

ಉದಾಹರಣೆಗೆ ಸ್ಥಿತಿಸ್ಥಾಪಕತ್ವ (ದರ 1% ಏರಿದರೆ ಬಳಕೆ ಎಷ್ಟು % ಬದಲಾಗುತ್ತದೆ ಅನ್ನುವುದು) ಮೈನಸ್ 0.2 ಅಂತಿಟ್ಟುಕೊಳ್ಳಿ. ದರ 75ರಿಂದ 90ಕ್ಕೆ ಅಂದರೆ 20% ಏರಿಕೆ, ಬಳಕೆ 4% ಇಳಿಕೆ. 4,000 ಲೀಟರಿಗೆ 160 ಲೀಟರ್, ಅಂದರೆ ಟ್ರಿಪ್ಪಿಗೆ 429 ಕಿಲೋ. ಇದಕ್ಕೆ ಹಣದ ಬೆಲೆ ಕಟ್ಟುವಾಗ ಒಂದೇ ದರ ಹಿಡಿಯಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಟನ್ನಿಗೆ 190 ಡಾಲರ್ ಅಂದಿತು, ಅದಕ್ಕೂ ಮುಂಚೆ ಅಲ್ಲಿನ ಸರಕಾರದ ತಾತ್ಕಾಲಿಕ ಅಂಕಿ 51 ಇತ್ತು. ಡಾಲರಿಗೆ 85 ರೂ. ಅಂತಾದರೆ ಆ 429 ಕಿಲೋ ಬೆಲೆ 1,860ರಿಂದ 6,930 ರೂ. ನಡುವೆ. ಟ್ರಿಪ್ಪಿನ ರಿಯಾಯಿತಿ 60,000. ಹವಾಮಾನವೊಂದನ್ನೇ ಹಿಡಿದು ಈ ರಿಯಾಯಿತಿಯ ವಿರುದ್ಧ ವಾದಿಸಿದರೆ ವಾದ ಬಡಕಲಾಗುತ್ತದೆ. ಸಣ್ಣ ಮೀನಿನ ಕಡೆಯಿಂದ ಬರುವ ವಾದಕ್ಕೇ ಹೆಚ್ಚು ತೂಕ.

ಇನ್ನೊಂದು ಪದೇಪದೇ ಆಗುವ ತಪ್ಪು. ಆ 60,000ವನ್ನು ಸಮಾಜದ ನಷ್ಟ ಅಂತ ಬರೆಯುವುದು. ಅದು ಬೊಕ್ಕಸದಿಂದ ಬೋಟಿಗೆ ಕೈ ಬದಲಾದ ಹಣ, ಸುಟ್ಟುಹೋದದ್ದಲ್ಲ. ವೆಚ್ಚ–ಲಾಭ ಲೆಕ್ಕದಲ್ಲಿ ನಷ್ಟದ ಕಡೆ ಬರುವುದು ಮೂರೇ: ನಷ್ಟದ ಎಳೆತಗಳಿಗೆ ಸುಟ್ಟ ಡೀಸೆಲ್, ಅದರ ಹೊಗೆ, ಮತ್ತು ಆ ಎಳೆತ ತಿಂದ ನಾಳೆಯ ಮೀನು. ಆ ಹಣ ಎತ್ತಲು ಬೇರೆ ಕಡೆ ತೆರಿಗೆ ಹಾಕಬೇಕಾದ ಹೊರೆಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ.

ಬೂತಾಯಿ

ಮೂರನೇ ಪ್ರಶ್ನೆಗೆ ಷೇಫರ್ ಮಾದರಿ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಆ ಮಾದರಿ ಕೇಳುವುದು ಒಂದು ಜಾತಿ, ಒಂದು ಬಲೆ, ಅಳೆಯಬಹುದಾದ ಶ್ರಮ. ನಮ್ಮ ಟ್ರಾಲ್ ಬಲೆಯಲ್ಲಿ ಮದಿಮಾಲ್, ಪಾಂಬೋಲ್, ಬೊಂಡಾಸ್, ಸೀಗಡಿ ಎಲ್ಲ ಒಟ್ಟಿಗೆ ಬರುತ್ತವೆ. ಶ್ರಮವನ್ನು ಬೋಟ್ ದಿನದಲ್ಲಿ ಅಳೆದರೆ ಹತ್ತು ವರ್ಷ ಹಿಂದಿನ ದಿನವೂ ಇಂದಿನ ದಿನವೂ ಒಂದೇ ಆಗಿಬಿಡುತ್ತದೆ. ಎಂಜಿನ್ ದೊಡ್ಡದಾಗಿದೆ, ಬಲೆ ದೊಡ್ಡದಾಗಿದೆ, ಸೋನಾರ್ ಬಂದಿದೆ. ಕನಿಷ್ಠ ಎಚ್‌ಪಿ ಗಂಟೆಯಲ್ಲಿ ಅಳೆಯಿರಿ. ಇಲ್ಲದಿದ್ದರೆ ಮೀನು ಕಡಿಮೆಯಾಗುತ್ತಿದ್ದರೂ ದಿನದ ಹಿಡಿತ ಸ್ಥಿರವಾಗಿಯೇ ಕಾಣುತ್ತದೆ, ಮಾದರಿ ಎಲ್ಲ ಚೆನ್ನಾಗಿದೆ ಅನ್ನುತ್ತದೆ.

ಬೂತಾಯಿಯನ್ನು (ಮತ್ತಿ ಮೀನು) ಇದರೊಳಗೆ ತರಲೇಬೇಡಿ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದದ್ದು 2021ರಲ್ಲಿ 3,297 ಟನ್‌ಗೆ ಬಿದ್ದು ಆಮೇಲೆ ಮತ್ತೆ ಎದ್ದಿತು. ಮಳೆ, ನೀರಿನ ಬಿಸಿ, ಎಲ್ ನಿನೋ ಇವುಗಳ ಕೈ ಅದರಲ್ಲಿ ದೊಡ್ಡದು. ಅದು ಹೆಚ್ಚಾಗಿ ಟ್ರಾಲ್ ಬಲೆಯ ಮೀನೂ ಅಲ್ಲ. ಅದರ ಏರಿಳಿತವನ್ನು ಡೀಸೆಲ್ ರಿಯಾಯಿತಿಗೆ ಗಂಟುಹಾಕಿದರೆ ವರದಿಯನ್ನು ಮೊದಲ ಸಭೆಯಲ್ಲೇ ಹರಿದು ಹಾಕುತ್ತಾರೆ.

ನಾಲ್ಕು ತಿಂಗಳಲ್ಲಿ ಮಾಡಬಹುದಾದದ್ದು ಎಳೆಮೀನಿನ ಲೆಕ್ಕ. ಫಿಶ್‌ಮೀಲ್‌ಗೆ ಹೋಗುವ ರಾಶಿಯಿಂದ 5 ಕಿಲೋ ತೆಗೆದು ಜಾತಿ ಬೇರ್ಪಡಿಸಿ, ಉದ್ದ ಅಳೆಯಿರಿ. ಕನಿಷ್ಠ ಕಾನೂನುಬದ್ಧ ಗಾತ್ರಕ್ಕಿಂತ ಸಣ್ಣವು ಎಷ್ಟು ಪಾಲು ನೋಡಿ. ಹೋಲಿಕೆಗೆ ಕೇರಳದ ಮಿತಿ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ 10, ಮದಿಮಾಲ್‌ಗೆ 12. ಆ ಮೀನನ್ನು ಆರು ತಿಂಗಳು ಬಿಟ್ಟಿದ್ದರೆ ಎಷ್ಟು ತೂಕ ಆಗುತ್ತಿತ್ತು, ಅಷ್ಟರಲ್ಲಿ ಎಷ್ಟು ತಾನಾಗಿ ಸಾಯುತ್ತಿತ್ತು, ಬದುಕಿದ್ದರಲ್ಲಿ ಎಷ್ಟು ಬಲೆಗೆ ಬೀಳುತ್ತಿತ್ತು, ಇಷ್ಟನ್ನೂ ಸೇರಿಸಿ. ಸಾವಿನ ಪ್ರಮಾಣ ಮರೆತವರ ವರದಿಯಲ್ಲಿ ಒಂದು ಕಿಲೋ ಎಳೆಮೀನು ಇಪ್ಪತ್ತು ಕಿಲೋ ದೊಡ್ಡ ಮೀನಾಗಿ ಕೂರುತ್ತದೆ. ಸ್ಯಾಂಪಲ್ ತೆಗೆಯುವಾಗ ಮೇಲಿನ ಪದರದಿಂದ ಮಾತ್ರ ತೆಗೆದರೆ ಸಣ್ಣ ಮೀನು ತಪ್ಪಿಹೋಗುತ್ತದೆ, ಅದು ಬಾಕ್ಸಿನ ಅಡಿಗೆ ಇಳಿದಿರುತ್ತದೆ. ಬಲೆಯ ಚೀಲದಲ್ಲಿ 35 ಮಿ.ಮೀ. ಚೌಕ ಕಣ್ಣು ಇದೆಯೇ ಅಂತಲೂ ಬರೆದುಕೊಳ್ಳಿ. ಅದು ಇಲ್ಲದ ಬೋಟಿನಲ್ಲಿ ಡೀಸೆಲ್ ದರದ ಪರಿಣಾಮವೂ ಕಣ್ಣಿನ ಪರಿಣಾಮವೂ ಬೆರೆತು ಹೋಗಿರುತ್ತದೆ.

ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ವಿಷಯ ಯಾರೂ ಎತ್ತಿಲ್ಲ, ಕೆಲಸ ಕೊಟ್ಟವರು ಖಂಡಿತ ಕೇಳುತ್ತಾರೆ. ಮೀನುಗಾರಿಕೆ ಸಬ್ಸಿಡಿ ಒಪ್ಪಂದ 2022ರ ಜೂನ್ 17ರಂದು ಅಂಗೀಕಾರವಾಗಿ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಆಗ ಅಂಗೀಕರಿಸಿದ ದೇಶಗಳಲ್ಲಿ ಭಾರತ ಇರಲಿಲ್ಲ. ಅದು ತಡೆಯುವುದು ಮುಖ್ಯವಾಗಿ ಕಾನೂನುಬಾಹಿರ ಮೀನುಗಾರಿಕೆಗೆ, ಅತಿಯಾಗಿ ಹಿಡಿದು ಕುಗ್ಗಿದ ಮೀನಿಗೆ, ನಿಯಂತ್ರಣವಿಲ್ಲದ ಹೊರಸಾಗರಕ್ಕೆ ಹೋಗುವ ಸಬ್ಸಿಡಿಯನ್ನು. ಡೀಸೆಲ್ ರಿಯಾಯಿತಿಯಂಥವು ಸಾಮರ್ಥ್ಯ ಹೆಚ್ಚಿಸುತ್ತವೆ ಎಂಬ ವಾದ ಎರಡನೇ ಹಂತದ ಮಾತುಕತೆಯದ್ದು. ಅಲ್ಲಿ ಭಾರತ ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷದ ಅವಧಿ ಕೇಳಿತ್ತು. ಆದ್ದರಿಂದ "ಡಬ್ಲ್ಯುಟಿಒ ಈ ಡೀಸೆಲನ್ನು ನಿಷೇಧಿಸಿದೆ" ಎಂದು ಬರೆದರೆ ತಪ್ಪು. ವರದಿಯಲ್ಲಿ ಒಂದು ಪ್ಯಾರಾ ಸಾಕು. ಜೊತೆಗೆ 12 ನಾಟಿಕಲ್ ಮೈಲಿಯ ಗೆರೆ ನೆನಪಿಡಿ: ಅದರೊಳಗಿನ ಮೀನುಗಾರಿಕೆ ರಾಜ್ಯದ್ದು, ಆಚೆಯದ್ದು ಕೇಂದ್ರದ್ದು. ಆಳಸಮುದ್ರ ಬೋಟಿಗೆ ತೆರಿಗೆ ಬಿಡುವುದು ರಾಜ್ಯ, ಅದು ಮೀನು ಹಿಡಿಯುವುದು ಹೆಚ್ಚಾಗಿ ಕೇಂದ್ರದ ನೀರಿನಲ್ಲಿ. ಶಿಫಾರಸು ಯಾರಿಗೆ ಬರೆಯುತ್ತಿದ್ದೀರಿ ಅನ್ನುವುದು ಇದರಿಂದ ಬದಲಾಗುತ್ತದೆ.

ಅಂಕಿಸಂಕಿ

ಹಾಗಾದರೆ "ಬೇರೆ ರೂಪ" ಅಂತ ಅದೇ ಹಣವನ್ನು ದುಡಿಯುವವರ ಖಾತೆಗೆ ನೇರ ಹಾಕುವ ಆಯ್ಕೆಯನ್ನು ಪರಿಶೀಲಿಸಬಹುದೇ? ನಿಷೇಧದ ಕಾಲದ ಉಳಿತಾಯ ಮತ್ತು ಪರಿಹಾರ ಯೋಜನೆಯ ಪಟ್ಟಿ ಇದೆಯಲ್ಲ.

ದಕ್ಕೆ ಲೆಕ್ಕ

ಪರಿಶೀಲಿಸಿ, ಆದರೆ ಆ ಪಟ್ಟಿಯನ್ನು ನಂಬಿ ಕೂರಬೇಡಿ. ಅದು ಇಲ್ಲಿನ ಮೀನುಗಾರರ ಸಹಕಾರ ಸಂಘದ ಸದಸ್ಯರದ್ದು. ಟ್ರಾಲ್ ಬೋಟಿನ ಕಲಾಸಿಗಳಲ್ಲಿ ಆಂಧ್ರ, ಒಡಿಶಾ, ಉತ್ತರ ಪ್ರದೇಶ, ಜಾರ್ಖಂಡ್ ಕಡೆಯವರು ಬಹಳ ಜನ ಇದ್ದಾರೆ, ಅವರ ಹೆಸರು ಅದರಲ್ಲಿ ಬರುವುದಿಲ್ಲ. ಅವರಿಗೆ 21,000ದ ಪಾಲು ಈಗ ತಲುಪುತ್ತಿರುವ ಒಂದೇ ದಾರಿ ಚುಕ್ತಾ ಚೀಟಿಯ 75 ರೂ. ದರ. ಅದನ್ನು ತೆಗೆದು ನೇರ ವರ್ಗಾವಣೆ ಮಾಡಿದರೆ ಕಾಗದದಲ್ಲಿ ಬಡವರ ಪರವಾಗಿ ಕಂಡು, ಕೈಗೆ ಬರುವಾಗ ಉಲ್ಟಾ ಆಗಬಹುದು.

ಸಮೀಕ್ಷೆಯಲ್ಲೇ ಪ್ರತಿ ಬೋಟಿನ ಕಲಾಸಿಗಳ ಊರು, ಸಂಘದ ಸದಸ್ಯತ್ವ ಉಂಟೋ ಇಲ್ಲವೋ, ಬ್ಯಾಂಕ್ ಖಾತೆ ಎಲ್ಲಿಯದ್ದು, ಈ ಮೂರು ಕೇಳಿ. ಕೇಳುವುದು ಐಸ್ ತುಂಬುವ ಹೊತ್ತಿಗೆ, ಬೋಟು ಹೊರಡುವ ಹಿಂದಿನ ದಿನ. ಮೀನು ಇಳಿಸುವ ಬೆಳಗ್ಗೆ ಹೋದರೆ ಯಾರೂ ಮಾತಾಡುವುದಿಲ್ಲ. ಒಬ್ಬರಿಗೆ ಹಿಂದಿ ಬರಲಿ, ತೆಲುಗು ಬಂದರೆ ಇನ್ನೂ ಒಳ್ಳೆಯದು. ಮಾಲೀಕರು ಪಕ್ಕದಲ್ಲಿ ನಿಂತಿರುವಾಗ ಪಾಲಿನ ಪ್ರಶ್ನೆ ಕೇಳಬೇಡಿ.